ಪುಟ್ಟಿ ಹತ್ತೋ ಮುಂಚೆ

ಮೊದಲು ಬೂಟು ಬಿಚ್ಚು, ಡಾಕ್ಟರ್.
ಹಿಮ್ಮಡ ಬಿದ್ರ ಬಿದಿರು ಮುರೀತದ,
ಮುರಿದ ಬಿದಿರು ಗೊಬ್ಬರದ ಚೀಲ ಹರಿದು, ಡಾಂಬರು ಸೀಳಿ
ನೀರನ್ನ ಒಳಗ ಕರೀತದ.
ನಿಂತು ಹತ್ತಬ್ಯಾಡ. ಕುಂಡಿ ಮೊದಲು, ಕಾಲು ಆಮ್ಯಾಲ.
ನಗಬ್ಯಾಡ. ಇದೇ ದಂಡ್ಯಾಗ ನಿಂತು ಹತ್ತಿದ ಇಬ್ಬರು ಓವರ್‌ಸಿಯರನ್ನ
ಚಡ್ಡಿ ಹಿಡಿದು ಮ್ಯಾಲ ಎಳೆದೀನಿ.

ನೀ ಆ ಕಡಿ ಕೂಡು, ನಾ ಈ ಕಡಿ.
ನಡುವ ಟ್ರ್ಯಾಕ್ಟರಿನ ಟ್ಯೂಬು.
ಅದರಾಗ ಮೂರು ಪಂಕ್ಚರು ಅವ, ಮೂರೂ ನಾನೇ ಹಚ್ಚಿದ್ದು,
ಅದಕ್ಕ ನಂಬಿಕಿ.
ಗಾಳಿ ಪೂರಾ ತುಂಬಿಲ್ಲ, ಬಿಸಲಿಗೆ ತಾನೇ ಉಬ್ಬತದ.
ಕಾರಂಜಾದ ನೀರು ಈಗ ಇಸ್ತ್ರಿ ಮಾಡಿದ ಧೋತರ,
ಹತ್ತು ಹೊಡೀತು ಅಂದ್ರ ಗಾಳಿ ಏಳತದ,
ಆಗ ಪುಟ್ಟಿ ಬುಗುರಿ.
ಹುಟ್ಟು ಎಡಕ್ಕೊಂದು ಬಲಕ್ಕೊಂದು ಅಲ್ಲ,
ಮುಂದಿನ ನೀರನ್ನ ನಿನ್ನ ಕಡಿ ಎಳಕೋ,
ರೊಟ್ಟಿ ಹಿಟ್ಟು ನಾದಿದಂಗ.

ಆ ಪೆಟ್ಟಿಗಿ ತೆರಿ ನೋಡೂಣು.
ಅಯ್ಯಯ್ಯ! ಇದು ಮೀನಿಗೋ ಮದುವಿಗೋ?
ಹಸಿರು ಹುಳ, ಗುಲಾಬಿ ಹುಳ, ಮಿಂಚು ಬಳಕೊಂಡ ಹುಳ.
ಯಾವುದೋ ದೇಶದ ಬಾಸ್ ಅನ್ನೋ ಮೀನಿಗೆ ಹೊಲಿದ ಅಂಗಿ ಇವು.
ಇಲ್ಲಿ ಇರೋದು ಮುರಲ.
ಹಾವಿನ ತಲಿ, ಸಾಹುಕಾರನ ಸಿಟ್ಟು.
ಅದಕ್ಕ ಒಂದು ಕಪ್ಪಿ ಸಾಕು.
ನಂದು ನೋಡು: ಹಳೆ ಹವಾಯಿ ಚಪ್ಪಲಿ ಕೊರೆದದ್ದು,
ಕಾಲಿನ ಜಾಗದಾಗ ಸೈಕಲ್ ಟ್ಯೂಬಿನ ಎರಡು ಪಟ್ಟಿ.
ಗಂಟು ಬಿಗಿಯೋ ಮುಂಚೆ ದಾರಕ್ಕ ಉಗುಳು ಹಚ್ಚು,
ಒಣ ಗಂಟು ತನ್ನ ಬಿಸಿಗೆ ತಾನೇ ಸುಟ್ಟುಕೊಳ್ಳತದ.
ಎಸಿ. ಎಳಿ, ನಿಲ್ಲಸು. ಎಳಿ, ನಿಲ್ಲಸು.
ನಿಂತಾಗಲೇ ಅದು ಬರೋದು.
ಓಡೋದನ್ನ ಕಂಡ್ರ ಅನುಮಾನ ಅದಕ್ಕ.

ಬಾಯಿ ಬಡಿದ ಸಪ್ಪಳ ಕೇಳಿದ ಕೂಡ್ಲೆ ಜಗ್ಗಬ್ಯಾಡ.
ಮನಸಿನಾಗ ಮೂರು ಎಣಿಸು.
ನಮ್ಮ ಚರ್ಚಿನ ಪಾದ್ರಿ ಎಣಿಸೋ ಬದಲು
ಇಡೀ ಒಂದು ಪ್ರಾರ್ಥನಿ ಮುಗಿಸಿ ಜಗ್ಗತಿದ್ರು,
ಆಮೆನ್ ಅನ್ನೋದ್ರಾಗ ಮೀನು ಭಾಲ್ಕಿ ಮುಟ್ಟಿರತಿತ್ತು.

ಈ ಡಬ್ಬಿ ಏನು? ಆಳ ತೋರಸ್ತದಾ?
ಹದಿನಾರು ಫೂಟು.
ಖರೇ ಹೇಳತದ ಬಿಡು.
ಇದು ದಸ್ತಗೀರ ಪಟೇಲನ ಗಾಣದ ಒಲಿ.
ಕುದಿಯೋ ಬೆಲ್ಲಕ್ಕ ಕಬ್ಬಿನ ತುಂಡು ಅದ್ದಿ
ನಾಲಿಗಿ ಸುಟ್ಟುಕೊಂಡ ಜಾಗ.
ಆ ಒಲಿಯ ಬಾಯಾಗ ಈಗ ಬಾಳಿಮೀನು ಮಲಗತದ.
ಅದರಾಚಿ ಜಾಲಿ ಸಾಲು, ನಿಂತಲ್ಲೇ ಸತ್ತಾವ,
ಅಲ್ಲಿ ಎಸೆದ್ರ ಗಾಳ ಹೋತು.
ನನ್ನವೇ ನಲವತ್ತು ಅವ ಅಲ್ಲಿ.
ಇದನ್ನೂ ಜರಾ ನಿನ್ನ ಡಬ್ಬಿಗೆ ಹೇಳಿಡು.

ಶ್ಶ್.
ಹುಟ್ಟು ಎತ್ತು.
ಆಪಿನ ಹತ್ತಿರ ನೀರು ಕೆಂಪಗ ಕುದೀತದ, ಕಂಡಿತಾ?
ಎಣ್ಣ್ಯಾಗ ಖಾರಪುಡಿ ಬಿದ್ದಂಗ.
ಅವು ಮುರಲಿನ ಮರಿ. ಸಾವಿರ ಇದ್ದಾವು.
ಕೆಳಗ ಅಪ್ಪ ಒಂದು, ಅವ್ವ ಒಂದು.
ಈಗ ಏನು ಎಸೆದ್ರೂ ಹಿಡೀತಾವ, ಚಪ್ಪಲಿ, ಬೀಡಿಕಟ್ಟು, ಏನಾದ್ರೂ.
ಹಸಿವಿಗಲ್ಲ.

ಒಂದು ಆಷಾಢದಾಗ ನಾ ಎಸೆದೆ.
ಐದು ಕಿಲೋ ಮ್ಯಾಲ ಒಂದು ಪಾವು.
ತೂಗಿ, ಫೋಟೋ ತೆಗೆಸಿಕೊಂಡು, ತಿರುಗಿ ನೋಡೋದ್ರಾಗ
ಆ ಕೆಂಪು ಸಣ್ಣದಾಗತಿತ್ತು,
ಸುತ್ತ ಕೂತು ಒಂದು ರೊಟ್ಟಿ ಮುರಕೊಂಡು ತಿಂದಂಗ.
ಎರಡು ನೀರಕಾಗಿ, ಕೆಳಗಿಂದ ಇನ್ನೇನೇನೋ.
ಹುಟ್ಟಿನಿಂದ ನೀರು ಬಡಿದೆ, ಬಡಿದೆ.
ಎಷ್ಟಂತ ಬಡೀಲಿ.
ಆ ಸಾರಿನ ಖಾರ ಸರಿ ಇತ್ತು. ಎಲ್ಲಾರೂ ಉಂಡ್ರು.
ನಾನೂ ಉಂಡೆ.

ನೀ ಕೋಲು ಎತ್ತಿದ್ದು ಕಂಡೀನಿ, ಡಾಕ್ಟರ್.
ಕೈ ಹಿಡಿಯಂಗಿಲ್ಲ ನಾನು.
ಪುಟ್ಟ್ಯಾಗ ಒಬ್ಬರ ಕೈ ಒಬ್ಬರು ಹಿಡಿದ್ರ ಇಬ್ಬರೂ ನೀರಿಗೆ.
ಇದೂ ಒಂದು ಪಾಠ, ಬರಕೋ.

…

ರೀಲು ತಿರುಗೋ ಸಪ್ಪಳ. ದಾರ ವಾಪಸ್ ಬರ್ತದ.

ಛಲೋ.
ಆ ತಗಡಿನ ಡಬ್ಬಿ ತಗೋ,
ಕಾಲ ಬುಡಕ ನೀರು ಬಂದದ, ಮಾತಿನಾಗ ನಾನೇ ನೋಡಿಲ್ಲ.
ನೀ ತೋಡು, ನಾ ಹುಟ್ಟು ಹಾಕತೀನಿ.
ಬೂಟಿನ ಗುರುತೇ ಇರಬೇಕು ಅದು,
ನಾ ಹೇಳೋ ಮುಂಚೆ ಒಂದು ಕಾಲು ಇಟ್ಟಿದ್ದಿ.